ಗಂಟೆ ಲೆಕ್ಕದ ಪೊಲೀಸರು

ಬಾಲ್ಟಿಮೋರಿನಿಂದ ಉತ್ತರಕ್ಕೆ ಹೊರಡುವ 83ನೇ ಹೆದ್ದಾರಿ ಮೇಸನ್-ಡಿಕ್ಸನ್ ಗೆರೆಯನ್ನು ದಾಟಿದ ಕೂಡಲೇ ಪೆನ್ಸಿಲ್ವೇನಿಯಾದ ಯಾರ್ಕ್ ಕೌಂಟಿ ಶುರುವಾಗುತ್ತದೆ. ಗುಲಾಮಗಿರಿಯಿದ್ದ ಸೀಮೆಗೂ ಇಲ್ಲದ ಸೀಮೆಗೂ ನಡುವಿನ ಗಡಿಯೆಂದು ಇತಿಹಾಸದಲ್ಲಿ ಹೆಸರಾದ ಗೆರೆ ಅದು. ಈಗ ಮೇರಿಲ್ಯಾಂಡಿನಲ್ಲಿ ನೌಕರಿ ಮಾಡುವವರು ಅಗ್ಗದ ಮನೆ, ಹಗುರ ತೆರಿಗೆ ಹುಡುಕಿಕೊಂಡು ದಾಟಿ ಬರುವ ಗಡಿಯೂ ಹೌದು. ಜೋಳ, ಸೋಯಾ ಹೊಲಗಳ ನಡುವೆ ಕೆಂಪು ಬಣ್ಣದ ದೊಡ್ಡ ಕೊಟ್ಟಿಗೆಗಳು, ಅವುಗಳ ಬೆನ್ನಿಗೇ ಒಂದೇ ಅಚ್ಚಿನ ಹೊಸ ಬಡಾವಣೆಗಳು, ಇನ್ನೂ ಮುಂದೆ ಹೋದರೆ ಕಿಟಕಿಯಿಲ್ಲದ ಗೋದಾಮುಗಳು. ಯಾರ್ಕ್ ನಗರದಿಂದ 74ನೇ ರಸ್ತೆ ಹಿಡಿದು ವಾಯವ್ಯಕ್ಕೆ ತಿರುಗಿದರೆ ಸ್ವಲ್ಪ ಹೊತ್ತಿಗೊಂದು ಬೋರ್ಡು ಎದುರಾಗುತ್ತದೆ: ವೆಸ್ಟ್ ಮ್ಯಾಂಚೆಸ್ಟರ್ ಟೌನ್‌ಶಿಪ್, ಡೋವರ್ ಟೌನ್‌ಶಿಪ್, ಡೋವರ್ ಬರೋ, ಮತ್ತೆ ಡೋವರ್ ಟೌನ್‌ಶಿಪ್. ಹೊರಗಿನಿಂದ ಬಂದವರ ಕಣ್ಣಿಗೆ ಇವೆಲ್ಲ ಒಂದೇ ಊರಿನ ಕೇರಿಗಳಂತೆ ಕಾಣುತ್ತವೆ. ಆದರೆ ಪ್ರತಿ ಬೋರ್ಡಿನ ಹಿಂದೆ ಒಂದೊಂದು ಸರ್ಕಾರವಿದೆ. ಅದಕ್ಕೆ ಅದರದೇ ಚುನಾವಣೆ, ಅದರದೇ ತೆರಿಗೆ, ಹಿಮ ಬಳಿಯಲು ಅದರದೇ ಲಾರಿ. ಡೋವರ್ ಬರೋ ಅಂತೂ ಸುತ್ತಲೂ ಡೋವರ್ ಟೌನ್‌ಶಿಪ್ಪಿನಿಂದಲೇ ಆವರಿಸಿಕೊಂಡಿದ್ದರೂ ಅದರೊಳಗೆ ಸೇರಿಲ್ಲ. ಸುಮಾರು ನಾಲ್ಕೂವರೆ ಲಕ್ಷ ಜನರ ಈ ಕೌಂಟಿಯಲ್ಲಿ ಒಂದು ನಗರ, 36 ಬರೋಗಳು, 35 ಟೌನ್‌ಶಿಪ್‌ಗಳು, ಒಟ್ಟು 72 ಸ್ಥಳೀಯ ಸರ್ಕಾರಗಳಿವೆ. ಬೋರ್ಡುಗಳು ಹೀಗೆ ಬದಲಾಗುತ್ತಿದ್ದರೂ ಡೋವರಿನ ಸುತ್ತಮುತ್ತ ಗಸ್ತು ತಿರುಗುವ ಪೊಲೀಸ್ ಕಾರಿನ ಮೇಲಿನ ಹೆಸರು ಮಾತ್ರ ಬದಲಾಗುವುದಿಲ್ಲ: ನಾರ್ದರ್ನ್ ಯಾರ್ಕ್ ಕೌಂಟಿ ರೀಜನಲ್ ಪೊಲೀಸ್.

ಕರ್ನಾಟಕದ ಓದುಗರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ನಮ್ಮಲ್ಲಿ ಪೊಲೀಸ್ ಎಂದರೆ ರಾಜ್ಯ ಸರ್ಕಾರದ ಇಲಾಖೆ. ಬೀದರಿನ ಠಾಣೆಗೂ ಚಾಮರಾಜನಗರದ ಠಾಣೆಗೂ ಸಂಬಳ ಒಂದೇ ಖಜಾನೆಯಿಂದ, ಗ್ರಾಮ ಪಂಚಾಯಿತಿಗೆ ಅದರಲ್ಲಿ ಕೊಡುವುದೂ ಇಲ್ಲ, ಕೇಳುವುದೂ ಇಲ್ಲ. ಅಮೆರಿಕದ ರೂಢಿ ಇದಕ್ಕೆ ತೀರ ತದ್ವಿರುದ್ಧ. ಆ ದೇಶದಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ. ಸ್ಥಳೀಯ ಪೊಲೀಸ್ ಇಲಾಖೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಹತ್ತು ಮಂದಿ ಅಧಿಕಾರಿಗಳೂ ಇಲ್ಲ. ಪೆನ್ಸಿಲ್ವೇನಿಯಾದಲ್ಲಿ ಈ ಚೂರುಚೂರು ಇನ್ನೂ ಸೂಕ್ಷ್ಮ. ಅಲ್ಲಿ ಯಾವ ಸ್ಥಳೀಯ ಸರ್ಕಾರಕ್ಕೂ ಸೇರದ ಒಂದು ಗೇಣು ನೆಲವೂ ಇಲ್ಲ. ರಾಜ್ಯವೆಲ್ಲ ಎರಡೂವರೆ ಸಾವಿರಕ್ಕೂ ಮಿಕ್ಕ ನಗರ, ಬರೋ, ಟೌನ್‌ಶಿಪ್‌ಗಳಾಗಿ ಹಂಚಿಹೋಗಿದೆ. ಬೇರೆ ರಾಜ್ಯಗಳ ಹಳ್ಳಿಗಾಡಿನಲ್ಲಿ ಗಸ್ತು ತಿರುಗುವ ಶೆರಿಫ್ ಇಲ್ಲಿ ಬಹುಮಟ್ಟಿಗೆ ನ್ಯಾಯಾಲಯದ ಕಾವಲು, ಕೈದಿಗಳ ಸಾಗಾಟ, ವಾರಂಟು ಜಾರಿ ಇಷ್ಟಕ್ಕೇ ಸೀಮಿತ. ಹಾಗಾಗಿ ಟೌನ್‌ಶಿಪ್ಪಿನ ಮುಂದಿದ್ದ ದಾರಿಗಳು ಎರಡು: ತನ್ನದೇ ಪುಟ್ಟ ಪೊಲೀಸ್ ಪಡೆ ಕಟ್ಟಿಕೊಳ್ಳುವುದು, ಇಲ್ಲವೇ ಏನೂ ಕಟ್ಟಿಕೊಳ್ಳದೆ 1905ರಲ್ಲಿ ಹುಟ್ಟಿದ ರಾಜ್ಯ ಪೊಲೀಸರ ಮೇಲೆ ಭಾರ ಹಾಕಿ ಕುಳಿತುಬಿಡುವುದು. ಮೂರನೆಯ ದಾರಿಯನ್ನು ತೆರೆದದ್ದು 1968ರ ರಾಜ್ಯ ಸಂವಿಧಾನ ಮತ್ತು ಅದರ ಬೆನ್ನಿಗೆ 1972ರಲ್ಲಿ ಬಂದ ಕಾಯಿದೆ: ನೆರೆಯ ಸರ್ಕಾರಗಳು ಒಪ್ಪಂದ ಮಾಡಿಕೊಂಡು ಒಂದು ಕೆಲಸವನ್ನು ಕೂಡಿ ನಡೆಸಬಹುದು. ನಾರ್ದರ್ನ್ ಯಾರ್ಕ್ ಪಡೆ ಹುಟ್ಟಿದ್ದೂ ಅದೇ 1972ರಲ್ಲಿ.

ಈ ಮೂರನೆಯ ದಾರಿಯನ್ನು ಹೊಗಳುವವರು ಸಾಮಾನ್ಯವಾಗಿ ಗಾತ್ರದ ಮಾತಾಡುತ್ತಾರೆ: ಹತ್ತು ಸಣ್ಣದರ ಬದಲು ಒಂದು ದೊಡ್ಡದು, ಆದ್ದರಿಂದ ಅಗ್ಗ, ಆದ್ದರಿಂದ ಒಳ್ಳೆಯದು. ಯಾರ್ಕ್ ಕೌಂಟಿ ಕಲಿಸುವ ಪಾಠ ಬೇರೆ ಎಂದು ನನಗನ್ನಿಸುತ್ತದೆ. ಇಲ್ಲಿನ ಪಡೆ ಅರ್ಧ ಶತಮಾನ ದಾಟಿ ಬಾಳಿರುವುದಕ್ಕೆ ಗಾತ್ರಕ್ಕಿಂತ ಲೆಕ್ಕದ ಪುಸ್ತಕವೇ ಮುಖ್ಯ ಕಾರಣ. ಯಾರಿಗೆ ಎಷ್ಟು ಕೆಲಸ ಸಂದಿತು, ಯಾರು ಎಷ್ಟು ಕೊಟ್ಟರು ಎಂಬುದನ್ನು ಎಲ್ಲರೂ ಒಪ್ಪುವ ಒಂದು ಅಳತೆಯಲ್ಲಿ ಬರೆದಿಡದಿದ್ದರೆ ಕೂಡುವ್ಯವಹಾರ ಎಷ್ಟು ದಿನ ನಡೆದೀತು? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಯಾರ್ಕ್ ನಗರದ ಕೊಡೋರಸ್ ತೊರೆಯ ಪಕ್ಕದಲ್ಲಿ, ಮೂಲದ ಮಾದರಿಯಲ್ಲೇ ಮತ್ತೆ ಕಟ್ಟಿ ನಿಲ್ಲಿಸಿದ ವಸಾಹತು ಕಾಲದ ಒಂದು ನ್ಯಾಯಾಲಯವಿದೆ. ಬ್ರಿಟಿಷರು ಫಿಲಡೆಲ್ಫಿಯಾವನ್ನು ಹಿಡಿದಾಗ ಸ್ವಾತಂತ್ರ್ಯ ಹೋರಾಟದ ಕಾಂಗ್ರೆಸ್ ಸಸ್ಕ್ವಹಾನ ನದಿ ದಾಟಿ ಈ ಊರಿಗೆ ಓಡಿಬಂದಿತ್ತು. 1777ರ ನವೆಂಬರ್ 15ರಂದು ಹದಿಮೂರು ರಾಜ್ಯಗಳ ಒಕ್ಕೂಟದ ಮೊದಲ ಕರಾರನ್ನು ಅಂಗೀಕರಿಸಿದ್ದು ಇಲ್ಲಿಯೇ. ಆ ಕರಾರಿನಲ್ಲಿ ದೊಡ್ಡದಿರಲಿ ಚಿಕ್ಕದಿರಲಿ ಒಂದು ರಾಜ್ಯಕ್ಕೆ ಒಂದು ಮತ. ಖರ್ಚನ್ನು ಆಯಾ ರಾಜ್ಯದ ಭೂಮಿಯ ಬೆಲೆಗೆ ತಕ್ಕಂತೆ ಹಂಚಬೇಕು, ವಸೂಲಿ ಮಾತ್ರ ರಾಜ್ಯಗಳ ಕೈಯಲ್ಲೇ. ಕೇಳಿದ ಹಣವನ್ನು ರಾಜ್ಯಗಳು ಕೊಡಲೇ ಇಲ್ಲ. ಆಮದಿನ ಮೇಲೆ ಶೇ 5ರ ಸುಂಕ ಹಾಕಲು ಕಾಂಗ್ರೆಸ್ ಬೇಡಿಕೊಂಡಾಗ 1782ರಲ್ಲಿ ಎಲ್ಲಕ್ಕಿಂತ ಚಿಕ್ಕದಾದ ರೋಡ್ ಐಲೆಂಡ್ ಒಂದೇ ಒಲ್ಲೆನೆಂದು ಅಡ್ಡ ನಿಂತಿತು. ಕೊನೆಗೆ 1787ರಲ್ಲಿ ಆ ಕರಾರನ್ನೇ ಬದಿಗಿಟ್ಟು ಹೊಸ ಸಂವಿಧಾನ ಬರೆಯಬೇಕಾಯಿತು. ಕೊಡುವ ಹಣಕ್ಕೂ ಸಿಗುವ ರಕ್ಷಣೆಗೂ ಕಾಣುವಂಥ ನಂಟಿಲ್ಲದಿದ್ದರೆ ಪ್ರತಿಯೊಬ್ಬನಿಗೂ ತಾನೇ ಮೋಸಹೋದವನೆಂಬ ಗುಮಾನಿ. ಆ ಗುಮಾನಿ ಆ ಒಕ್ಕೂಟವನ್ನು ಒಳಗಿಂದೊಳಗೇ ತಿಂದುಹಾಕಿತು.

ಅದೇ ಊರಿನ ಸೀಮೆಯಲ್ಲಿ ಡೋವರ್, ಮ್ಯಾಂಚೆಸ್ಟರ್, ಕೊನೆವಾಗೊ, ಪ್ಯಾರಡೈಸ್, ಜಾಕ್ಸನ್ ಮುಂತಾದ ಟೌನ್‌ಶಿಪ್‌ಗಳನ್ನು ಕೂಡಿಸಿ ಹಿಡಿದಿರುವುದು ಪೊಲೀಸ್ ಪ್ರೊಟೆಕ್ಷನ್ ಯೂನಿಟ್ ಎಂಬ ಅಳತೆ. ಅಲ್ಲಿನವರ ಬಾಯಲ್ಲಿ ಪಿಪಿಯು. ಒಂದು ಯೂನಿಟ್ ಎಂದರೆ ವಾರಕ್ಕೆ ಹತ್ತು ಗಂಟೆಯ ಪೊಲೀಸ್ ಸೇವೆ, ವರ್ಷಕ್ಕೆ 520 ಗಂಟೆ. ಪ್ರತಿ ಊರು ತನಗೆ ಎಷ್ಟು ಯೂನಿಟ್ ಬೇಕೆಂದು ತಾನೇ ನಿರ್ಧರಿಸಿ ಕೊಂಡುಕೊಳ್ಳುತ್ತದೆ. ಪಡೆಯ ಒಟ್ಟು ಖರ್ಚನ್ನು ಮಾರಾಟವಾದ ಯೂನಿಟ್‌ಗಳಿಂದ ಭಾಗಿಸಿದರೆ ಬಂದದ್ದೇ ಒಂದು ಯೂನಿಟ್ಟಿನ ಬೆಲೆ. ಗಸ್ತು ತಿರುಗಿದ ಹೊತ್ತು, ದೂರಿಗೆ ಓಗೊಟ್ಟ ಹೊತ್ತು, ತನಿಖೆಗೆ, ಸಾಕ್ಷಿ ಹೇಳಲು ನ್ಯಾಯಾಲಯದಲ್ಲಿ ಕಾದದ್ದಕ್ಕೆ ಹಿಡಿದ ಹೊತ್ತು, ಎಲ್ಲವನ್ನೂ ಯಾವ ಊರಿನ ಕೆಲಸಕ್ಕಾಗಿ ಆಯಿತೋ ಆ ಊರಿನ ಖಾತೆಗೆ ಬರೆಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಗಂಟೆ ಲೆಕ್ಕದಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿದವರಿಗೆ ಈ ವ್ಯವಹಾರ ವಿವರಿಸಬೇಕಾಗಿಲ್ಲ: ಹೊಲ ನಿನ್ನದು, ಎಷ್ಟು ಉಳಬೇಕೆಂಬ ತೀರ್ಮಾನ ನಿನ್ನದು, ಯಂತ್ರ ಮಾತ್ರ ಎಲ್ಲರದು. ರಕ್ಷಣೆಯನ್ನು ಗಂಟೆಗಟ್ಟಿ ಮಾರುವುದು ಒರಟು ಅನ್ನಿಸಬಹುದು, ಒರಟೇ ಹೌದು. ಆದರೆ ಉಳಿದ ಅಳತೆಗಳನ್ನು ನೋಡಿ. ಜನಸಂಖ್ಯೆಗೆ ತಕ್ಕಂತೆ ಹಂಚಿದರೆ ಜನ ಕಡಿಮೆಯಿದ್ದು ಮಾಲ್‌ಗಳು ತುಂಬಿರುವ ಊರು ಅಂಗಡಿ ಕಳವಿನ ಕೆಲಸವನ್ನೆಲ್ಲ ನೆರೆಯವರ ದುಡ್ಡಿನಲ್ಲಿ ಮಾಡಿಸಿಕೊಳ್ಳುತ್ತದೆ. ಆಸ್ತಿಯ ಬೆಲೆಗೆ ತಕ್ಕಂತೆ ಹಂಚಿದರೆ ಒಳ್ಳೆಯ ಜಮೀನಿದ್ದು ಜಗಳವಿಲ್ಲದ ಊರಿನ ರೈತ ಬೇರೆಯವರ ಜಗಳಕ್ಕೆ ತೆರುತ್ತಾನೆ; 1777ರ ತಪ್ಪು ಅದೇ. ದಾಖಲಾದ ದೂರುಗಳ ಸಂಖ್ಯೆಗೆ ತಕ್ಕಂತೆ ಎಂದರೋ, ಫೋನ್ ಮಾಡಬೇಡಿ ಎಂದು ಜನರಿಗೆ ಹೇಳುವ ಆಸೆ ಊರಿನ ಆಡಳಿತಕ್ಕೇ ಹುಟ್ಟೀತು. ಗಂಟೆಗೆ ಈ ಯಾವ ವಕ್ರತೆಯೂ ಇಲ್ಲವೆಂದಲ್ಲ, ಇದ್ದದ್ದರಲ್ಲಿ ಕಡಿಮೆ. ಅದನ್ನು ಯಾರು ಬೇಕಾದರೂ ತೆಗೆದು ನೋಡಿ ಜಗಳ ಮಾಡಬಹುದು. ಲೆಕ್ಕದ ಮೇಲೆ ಆಗುವ ಜಗಳ ಒಡಕಿಗೆ ದಾರಿಯಾಗುವುದು ಅಪರೂಪ.

ಇನ್ನೊಂದು ಲೆಕ್ಕವನ್ನೂ ಹೇಳಬೇಕು, ಏಕೆಂದರೆ ಸಣ್ಣ ಟೌನ್‌ಶಿಪ್ಪಿನ ಅಭಿಮಾನ ಮುರಿಯುವುದು ಅಲ್ಲಿಯೇ. ವರ್ಷಕ್ಕೆ 8,760 ಗಂಟೆಗಳು. ವಾರಕ್ಕೆ 40 ಗಂಟೆ ದುಡಿಯುವ ಒಬ್ಬ ಅಧಿಕಾರಿಗೆ ಸಂಬಳ ಸಿಗುವುದು 2,080 ಗಂಟೆಗೆ. ಅದರಲ್ಲಿ ರಜೆ, ಕಾಯಿಲೆ, ತರಬೇತಿ ಕಳೆದರೆ ಬೀದಿಗೆ ಸಿಗುವುದು ಇನ್ನೂ ಕಡಿಮೆ. ಒಂದೇ ಒಂದು ಕಾರು ಹಗಲೂ ರಾತ್ರಿ ರಸ್ತೆಯ ಮೇಲಿರಬೇಕಾದರೂ ಸುಮಾರು ಐದು ಮಂದಿ ಬೇಕು. ಒಬ್ಬಂಟಿಯಾಗಿ ರಾತ್ರಿ ಹೊತ್ತು ಮನೆಯೊಳಗಿನ ಹೊಡೆದಾಟಕ್ಕೆ ನುಗ್ಗಬಾರದೆಂದರೆ ಹತ್ತು ಮಂದಿ. ಇದಿಷ್ಟರಲ್ಲಿ ಡಿಟೆಕ್ಟಿವ್ ಇನ್ನೂ ಬಂದಿಲ್ಲ. ಕೆಲವೇ ಸಾವಿರ ಜನರ ಊರಿಗೆ ಇದು ಎಟುಕದ ಮಾತು. ಹತ್ತಕ್ಕಿಂತ ಕಡಿಮೆ ಅಧಿಕಾರಿಗಳಿರುವ ಇಲಾಖೆಗಳು ಬೇರೆಯವುಗಳೊಂದಿಗೆ ಕೂಡಬೇಕೆಂದು 1973ರಲ್ಲಿ ರಾಷ್ಟ್ರೀಯ ಸಲಹಾ ಆಯೋಗವೊಂದು ಹೇಳಿದ್ದರ ಹಿಂದೆ ಇಂಥದೇ ಅಂಕಗಣಿತವಿದೆ. ಹೇಗೂ ಅಪಾಯ ಊರಿನ ಬೋರ್ಡು ನೋಡಿ ಬರುವುದಿಲ್ಲ. 2025ರ ಫೆಬ್ರವರಿಯಲ್ಲಿ ವೆಸ್ಟ್ ಮ್ಯಾಂಚೆಸ್ಟರ್ ಟೌನ್‌ಶಿಪ್ಪಿನ ಆಸ್ಪತ್ರೆಯೊಂದಕ್ಕೆ ಬಂದೂಕುಧಾರಿಯೊಬ್ಬ ನುಗ್ಗಿದಾಗ ನೆರವಿಗೆ ಓಡಿಬಂದು ಪ್ರಾಣ ತೆತ್ತವನು ಪಕ್ಕದ ಪುಟ್ಟ ವೆಸ್ಟ್ ಯಾರ್ಕ್ ಬರೋದ ಅಧಿಕಾರಿ. ಅದೇ ವರ್ಷ ಸೆಪ್ಟೆಂಬರ್ 17ರಂದು ನಾರ್ತ್ ಕೊಡೋರಸ್ ಟೌನ್‌ಶಿಪ್ಪಿನಲ್ಲಿ, ಹೆಣ್ಣೊಬ್ಬಳನ್ನು ಹಿಂಬಾಲಿಸಿ ಕಾಡುತ್ತಿದ್ದವನನ್ನು ವಾರಂಟು ಹಿಡಿದು ಬಂಧಿಸಲು ಹೋದ ನಾರ್ದರ್ನ್ ಯಾರ್ಕ್ ಪಡೆಯ ಮೂವರು ಡಿಟೆಕ್ಟಿವ್‌ಗಳು ಗುಂಡಿಗೆ ಬಲಿಯಾದರು, ಇನ್ನಿಬ್ಬರು ಗಾಯಗೊಂಡರು. ಒಂದು ಟೌನ್‌ಶಿಪ್ಪಿನ ಮನೆಯೊಂದಕ್ಕೆ ಹಲವು ಟೌನ್‌ಶಿಪ್‌ಗಳು ಕೂಡಿ ಸಾಕಿದ ಡಿಟೆಕ್ಟಿವ್‌ಗಳು ಹೋಗಿದ್ದರು. ಅಂಥ ಸಾವನ್ನು ಯಾವ ಊರಿನ ಯೂನಿಟ್ಟಿಗೆ ಬರೆಯುವುದು? ಲೆಕ್ಕದ ಪುಸ್ತಕವೇ ಈ ಪಡೆಯ ಜೀವಾಳ ಎಂದು ವಾದಿಸುವವರು ಅದರ ಗೆರೆಗಳಾಚೆ ಉಳಿಯುವುದೂ ಇದೆಯೆಂದು ಒಪ್ಪಲೇಬೇಕು. ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ: ದಿನನಿತ್ಯದ ಗಂಟೆಗಳ ತಕರಾರು ಮೊದಲೇ ಬಗೆಹರಿದಿದ್ದರಿಂದ, ದುರಂತದ ದಿನ ಯಾರ ಊರು ಯಾರ ಸಿಬ್ಬಂದಿ ಎಂಬ ಪ್ರಶ್ನೆ ಏಳುವುದಿಲ್ಲ.

ಈ ವಾದಕ್ಕೆ ಬಲವಾದ ಎದುರುವಾದ ಬಂದದ್ದು ಪೊಲೀಸರಿಂದಲ್ಲ, ಒಬ್ಬ ವಿದ್ವಾಂಸೆಯಿಂದ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಎಂದರೆ ನಮ್ಮಲ್ಲಿ ಗೋಮಾಳ, ಕಾಡು, ಕೆರೆಗಳಂಥ ಸಾಮೂಹಿಕ ಸ್ವತ್ತಿನ ಬಗ್ಗೆ ಬರೆದವರೆಂದೇ ನೆನಪು. ಅವರು 1970ರ ದಶಕವನ್ನೆಲ್ಲ ಹೆಚ್ಚುಕಡಿಮೆ ಪೊಲೀಸ್ ಇಲಾಖೆಗಳ ಅಧ್ಯಯನದಲ್ಲೇ ಕಳೆದವರು. ಇಂಡಿಯಾನಾಪೊಲಿಸ್ಸಿನ ಅಂಚಿಗಿರುವ ಸ್ಪೀಡ್‌ವೇ, ಬೀಚ್ ಗ್ರೋವ್, ಲಾರೆನ್ಸ್ ಎಂಬ ಸಣ್ಣ ಊರುಗಳನ್ನು ಅವರು ಮತ್ತು ಅವರ ವಿದ್ಯಾರ್ಥಿಗಳು, ನಗರದ ದೊಡ್ಡ ಪಡೆಯ ಕೈಕೆಳಗಿದ್ದ ಅಂಥದೇ ಬಡಾವಣೆಗಳೊಂದಿಗೆ ಹೋಲಿಸಿ ನೋಡಿದರು. ಸಣ್ಣ ಊರಿನ ಪೊಲೀಸರೇ ಬೇಗ ಬರುತ್ತಿದ್ದರು. ಅಲ್ಲಿನ ಜನರಿಗೆ ಅವರ ಬಗ್ಗೆ ಒಳ್ಳೆಯ ಅಭಿಪ್ರಾಯವೂ ಇತ್ತು. ಶಿಕಾಗೋದ ಹೊರವಲಯದ ಬಡ ಕಪ್ಪುಜನರ ಹಳ್ಳಿಗಳಲ್ಲಿ ಪೊಲೀಸರಿಗೆಂದು ಮಾಡುತ್ತಿದ್ದ ಖರ್ಚು ನಗರದ ಖರ್ಚಿನ ಮುಂದೆ ಏನೇನೂ ಅಲ್ಲ, ಆದರೂ ಅಲ್ಲಿನವರಿಗೆ ಸಿಗುತ್ತಿದ್ದ ಸೇವೆ ನಗರದವರಿಗಿಂತ ಕಳಪೆಯಾಗಿರಲಿಲ್ಲ. ದೊಡ್ಡದಾದಷ್ಟೂ ಒಳ್ಳೆಯದೆಂಬ ಆ ಕಾಲದ ನಂಬಿಕೆಗೆ ಬಿದ್ದ ಪೆಟ್ಟು ಅದು. ಹಾಗಾದರೆ ಡೋವರಿನವರು ತಮ್ಮದೇ ನಾಲ್ಕೈದು ಮಂದಿಯನ್ನಿಟ್ಟುಕೊಂಡಿದ್ದರೆ ಸಾಲದಿತ್ತೆ? ಆಸ್ಟ್ರಮ್‌ ಅವರ ತಂಡ ಕಂಡದ್ದನ್ನು ಪೂರ್ತಿ ಓದಿದರೆ ಉತ್ತರ ಅಲ್ಲೇ ಇದೆ. ಸಣ್ಣದು ಗೆದ್ದದ್ದು ಗಸ್ತು, ತುರ್ತು ಕರೆಗಳಂಥ ಎದುರುಬದುರಿನ ಕೆಲಸಗಳಲ್ಲಿ. ಅಪರಾಧ ಪ್ರಯೋಗಾಲಯ, ತರಬೇತಿ, ರೇಡಿಯೋ ಸಂಪರ್ಕ, ಇವಕ್ಕೆಲ್ಲ ದೊಡ್ಡ ಗಾತ್ರವೇ ಬೇಕು. ಊರು ತನಗೇನು ಬೇಕೆಂದು ತೀರ್ಮಾನಿಸುವುದು ಒಂದು ಕೆಲಸ, ಅದನ್ನು ಮಾಡಿಕೊಡುವುದು ಇನ್ನೊಂದು; ಎರಡೂ ಒಂದೇ ಕೈಯಲ್ಲಿರಬೇಕಾಗಿಲ್ಲ. ಪಿಪಿಯು ಮಾಡುವುದು ಈ ಎರಡನ್ನು ಬಿಡಿಸಿಡುವ ಕೆಲಸವನ್ನೇ. ತೀರ್ಮಾನ ಟೌನ್‌ಶಿಪ್ಪಿನ ಸಭೆಯಲ್ಲಿ ಉಳಿದಿದೆ, ಅಲ್ಲಿ ಊರವರೇ ಆರಿಸಿದ ಸೂಪರ್ವೈಸರ್ ನೆರೆಮನೆಯವನೇ ಆಗಿರುತ್ತಾನೆ, ಅವನನ್ನು ಹಿಡಿದು ಕೇಳಬಹುದು. ಆಸ್ಟ್ರಮ್ ದೊಡ್ಡ ನಗರಗಳಲ್ಲಿ ಕಾಣದೆಹೋದದ್ದೂ ಇಂಥ ಹಿಡಿದು ಕೇಳುವ ಸಲಿಗೆಯನ್ನೇ.

ಇದಕ್ಕಿಂತ ಮುಜುಗರದ ಆಕ್ಷೇಪ ಬೇರೊಂದಿದೆ. ಗಂಟೆ ಲೆಕ್ಕದಲ್ಲಿ ಮಾರಿದರೆ ಹಣವಿದ್ದವರು ಹೆಚ್ಚು ಕೊಳ್ಳುತ್ತಾರೆ, ಇಲ್ಲದವರು ಕಡಿಮೆ. ನಿಜವಾಗಿ ಹೆಚ್ಚು ಬೇಕಿರುವುದು ಬಹುಪಾಲು ಇಲ್ಲದವರಿಗೇ. ಇದು ನಿಜ. ಈ ಪಡೆಯ ಸೀಮೆ ಮುಗಿದು ನಗರದ ಸೀಮೆ ಶುರುವಾಗುವಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಯಾರ್ಕ್ ನಗರ ಸುಮಾರು 5 ಚದರ ಮೈಲಿಯೊಳಗೆ ಸಿಕ್ಕಿಕೊಂಡ ಊರು, ಸುತ್ತಲ ಟೌನ್‌ಶಿಪ್‌ಗಳಿಗಿಂತ ಬಡ ಊರು. 1969ರ ಜುಲೈನ ಜನಾಂಗೀಯ ಗಲಭೆಯಲ್ಲಿ ಇಲ್ಲಿ ಒಬ್ಬ ಯುವ ಪೊಲೀಸನೂ, ದಕ್ಷಿಣ ಕೆರೊಲಿನಾದಿಂದ ನೆಂಟರ ಮನೆಗೆ ಬಂದಿದ್ದ ಒಬ್ಬ ಕಪ್ಪು ಮಹಿಳೆಯೂ ಗುಂಡಿಗೆ ಸತ್ತರು. ಮೊಕದ್ದಮೆಗಳು ನಡೆದದ್ದು ಮೂವತ್ತು ವರ್ಷಗಳ ಮೇಲೆ. ನಗರಕ್ಕೆ ಇಂದಿಗೂ ಅದರದೇ ಪೊಲೀಸ್ ಇಲಾಖೆಯಿದೆ, ಅದರದೇ ಖರ್ಚಿದೆ. ಸುತ್ತಲಿನವರು ಕೂಡಿಕೊಂಡದ್ದು ತಮ್ಮತಮ್ಮೊಳಗೆ. ಹಾಗಾಗಿ ಹಂಚಿಕೆ ಎಂಬ ಮಾತಿನ ಹಿತದಲ್ಲಿ ಮೈಮರೆಯಬಾರದು. ಲೆಕ್ಕದ ಪುಸ್ತಕ ನ್ಯಾಯವಾಗಿ ನಡೆದರೂ ಅದರಲ್ಲಿ ಯಾರಿಗೆ ಖಾತೆಯಿದೆ ಎಂಬುದು ಬೇರೆಯೇ ಪ್ರಶ್ನೆ. ಆದರೂ ಈ ಕಾರಣಕ್ಕೆ ಹಂಚಿಕೆಯನ್ನೇ ತಳ್ಳಿಹಾಕುವವರು ಹಂಚಿಕೊಳ್ಳದ ಬಡ ಊರಿನ ಗತಿಯನ್ನೂ ನೋಡಬೇಕು. ಮಿಸೌರಿಯ ಸೇಂಟ್ ಲೂಯಿಸ್ ಕೌಂಟಿಯಲ್ಲಿ ತೊಂಬತ್ತರಷ್ಟು ಪುಟ್ಟ ಊರುಗಳಿದ್ದವು, ಬಹಳಷ್ಟಕ್ಕೆ ತಮ್ಮತಮ್ಮ ಪೊಲೀಸರು, ತಮ್ಮತಮ್ಮ ನ್ಯಾಯಾಲಯಗಳು. 2014ರಲ್ಲಿ ಪೊಲೀಸರ ವಿರುದ್ಧದ ಪ್ರತಿಭಟನೆಯಲ್ಲಿ ಹೊತ್ತಿಕೊಂಡ ಫರ್ಗುಸನ್ ಅವುಗಳಲ್ಲೊಂದು. ಮರುವರ್ಷದ ಅದರ ಬಜೆಟ್ಟಿನಲ್ಲಿ 1.326 ಕೋಟಿ ಡಾಲರ್ ಆದಾಯದ ಪೈಕಿ 30.9 ಲಕ್ಷ ಡಾಲರನ್ನು ದಂಡ ಮತ್ತು ಶುಲ್ಕಗಳಿಂದಲೇ ಎತ್ತುವ ಅಂದಾಜಿತ್ತೆಂದು ಕೇಂದ್ರ ನ್ಯಾಯಾಂಗ ಇಲಾಖೆಯ ವರದಿ ತೋರಿಸಿತು. ಪೊಲೀಸರನ್ನು ಸಾಕಲಾರದ ಊರು ತನ್ನನ್ನು ಸಾಕುವ ಕೆಲಸವನ್ನು ಪೊಲೀಸರಿಗೇ ಹಚ್ಚಿದರೆ ಆಗುವುದು ಇದು. ಪೆನ್ಸಿಲ್ವೇನಿಯಾ ಈ ಚಪಲವನ್ನು ವಿಚಿತ್ರ ರೀತಿಯಲ್ಲಿ ಕಟ್ಟಿಹಾಕಿದೆ: ವೇಗ ಅಳೆಯುವ ರೇಡಾರನ್ನು ರಾಜ್ಯ ಪೊಲೀಸರಿಗೆ ಕೊಟ್ಟು, ಸ್ಥಳೀಯ ಪೊಲೀಸರಿಗೆ ದಶಕಗಟ್ಟಲೆ ಕೊಡದೆ ಇಟ್ಟಿತು. ದಂಡದ ಹಣಕ್ಕಾಗಿ ಊರುಗಳು ರಸ್ತೆಯಂಚಿನಲ್ಲಿ ಹೊಂಚು ಹಾಕಿಯಾವೆಂಬ ಅಂಜಿಕೆ ಇದಕ್ಕಿದ್ದ ಒಂದು ಕಾರಣ. ಪೊಲೀಸ್ ಮುಖ್ಯಸ್ಥರು ಇದನ್ನು ಅವಮಾನವೆಂದೇ ತಿಳಿದು ಶಾಸನಸಭೆಯ ಬಾಗಿಲು ತಟ್ಟುತ್ತ ಬಂದಿದ್ದಾರೆ. ಪಾಲು ಹಣ ಮುಂಗಡವೇ ಗೊತ್ತಾಗಿ ಬಜೆಟ್ಟಿನಲ್ಲಿ ಕೂತುಬಿಡುವ ಪಡೆಗೆ ಅಂಥ ಹೊಂಚಿನ ಅಗತ್ಯ ಕಡಿಮೆ. ಬಡ ಊರಿಗೆ ಬೇಕಾದ ಹೆಚ್ಚಿನ ಗಂಟೆಗಳಿಗೆ ಕೌಂಟಿಯೋ ರಾಜ್ಯವೋ ಬಹಿರಂಗವಾಗಿ ಹಣ ತುಂಬಿಕೊಡಬಹುದು. ಎಷ್ಟು ಗಂಟೆ ಕಡಿಮೆ ಬಿದ್ದಿದೆ ಎಂದು ಕೈಯಿಟ್ಟು ತೋರಿಸಲು ಕನಿಷ್ಠ ಒಂದು ಅಳತೆಯಾದರೂ ಇಲ್ಲಿದೆ.

ಕೊನೆಯ ಆಕ್ಷೇಪ ಸರಳವಾದದ್ದು, ಟೌನ್‌ಶಿಪ್ಪಿನ ಸಭೆಗಳಲ್ಲಿ ಹೆಚ್ಚು ಚಪ್ಪಾಳೆ ಸಿಗುವುದೂ ಅದಕ್ಕೇ: ದುಡ್ಡೇ ಏಕೆ ಕೊಡಬೇಕು? ಪೆನ್ಸಿಲ್ವೇನಿಯಾದ ಸುಮಾರು ಅರ್ಧದಷ್ಟು ಸ್ಥಳೀಯ ಸರ್ಕಾರಗಳಿಗೆ ತಮ್ಮದೆನ್ನುವ ಪೊಲೀಸರೇ ಇಲ್ಲ. ಕರೆ ಮಾಡಿದರೆ ರಾಜ್ಯ ಪೊಲೀಸರು ಬರುತ್ತಾರೆ, ಅದಕ್ಕಾಗಿ ಊರಿಗೆ ಪ್ರತ್ಯೇಕ ಬಿಲ್ಲು ಬರುವುದಿಲ್ಲ. ಯಾರ್ಕ್ ಕೌಂಟಿಯಲ್ಲೂ ಅಂಥ ಟೌನ್‌ಶಿಪ್‌ಗಳಿವೆ. ಯೂನಿಟ್ ಕೊಳ್ಳುವ ಊರಿನವನು ತನ್ನ ಸ್ಥಳೀಯ ತೆರಿಗೆಯಲ್ಲಿ ಒಮ್ಮೆ, ರಾಜ್ಯದ ತೆರಿಗೆಯಲ್ಲಿ ಪಕ್ಕದ ಊರಿನ ಪುಕ್ಕಟೆ ರಕ್ಷಣೆಗಾಗಿ ಇನ್ನೊಮ್ಮೆ ತೆರುತ್ತಾನೆ. ರಸ್ತೆಗಳಿಗೆಂದು ಕೂಡಿಟ್ಟ ಇಂಧನ ತೆರಿಗೆಯ ನಿಧಿಯಿಂದಲೂ ಆ ಖರ್ಚಿಗೆ ಹಣ ಹರಿಯುತ್ತದೆ. ಜೊತೆಗೆ ಕೂಟದಿಂದ ಒಂದು ಊರು ಹೊರಬಿದ್ದರೆ ಅದರ ಯೂನಿಟ್‌ಗಳ ಖರ್ಚು ಉಳಿದವರ ಮೇಲೆ ಬೀಳುತ್ತದೆ, ಬೆಲೆ ಏರುತ್ತದೆ, ಏರಿದ ಬೆಲೆ ಮತ್ತೊಬ್ಬರನ್ನು ಹೊರನೂಕುತ್ತದೆ. ಹೊರಹೋಗುವ ಬಾಗಿಲು ಪುಕ್ಕಟೆ ಪೊಲೀಸರ ಕಡೆಗೆ ತೆರೆದಿರುವ ತನಕ ಯಾವ ಲೆಕ್ಕದ ಪುಸ್ತಕವೂ ಪೂರ್ತಿ ಭದ್ರವಲ್ಲ. ಗವರ್ನರ್ ಟಾಮ್ ವುಲ್ಫ್ 2017ರಲ್ಲಿ ಇಂಥ ಊರುಗಳಿಗೆ ತಲೆಗೆ 25 ಡಾಲರ್ ವಾರ್ಷಿಕ ಶುಲ್ಕ ಹಾಕಲು ಹೊರಟರು. ಶಾಸನಸಭೆ ಒಪ್ಪಲಿಲ್ಲ, ಮುಂದೆ ಬೇರೆ ರೂಪದಲ್ಲಿ ಬಂದಾಗಲೂ ಒಪ್ಪಲಿಲ್ಲ. ವಿರೋಧಿಸಿದವರೆಲ್ಲ ಬಿಟ್ಟಿ ಆಸೆಬುರುಕರೇನಲ್ಲ. ವರ್ಷವಿಡೀ ಒಂದು ಜಿಂಕೆ ಕಾರಿಗೆ ಡಿಕ್ಕಿ ಹೊಡೆದದ್ದೇ ದೊಡ್ಡ ಪ್ರಕರಣವಾದ ಕಾಡುಸೀಮೆಯ ಟೌನ್‌ಶಿಪ್ಪೂ, ಮಾಲು ಹೆದ್ದಾರಿಗಳಿದ್ದು ಪ್ರತಿ ರಾತ್ರಿ ಪೊಲೀಸರನ್ನು ಕರೆಸುವ ಟೌನ್‌ಶಿಪ್ಪೂ ತಲೆಗೆ 25 ಡಾಲರನ್ನೇ ಕೊಡಬೇಕೆಂದರೆ ಮೊದಲನೆಯದು ಸಿಡುಕುವುದು ಸಹಜ. ತಲೆಗಂದಾಯ ಮತ್ತೆ 1777ರ ಹಾದಿಯನ್ನೇ ಹಿಡಿಯುತ್ತದೆ, ಕೊಟ್ಟದ್ದಕ್ಕೂ ಪಡೆದದ್ದಕ್ಕೂ ನಂಟು ಕಡಿಯುತ್ತದೆ. ರಾಜ್ಯ ಪೊಲೀಸರ ಗಂಟೆಗಳನ್ನೂ ಊರೂರಿನ ಖಾತೆಗೆ ಬರೆದು, ಯೂನಿಟ್ಟಿನ ಲೆಕ್ಕದಲ್ಲೇ ಬಿಲ್ಲು ಕಳಿಸಿದರೆ ಕಾಡುಸೀಮೆಗೆ ಬರುವ ಬಿಲ್ಲು ಚಿಕ್ಕದಾಗುತ್ತದೆ. ಮಾಲುಗಳ ಊರಿನ ಸೂಪರ್ವೈಸರುಗಳು ಡೋವರಿನವರು ಒಂದು ಯೂನಿಟ್ಟಿಗೆ ಎಷ್ಟು ಕೊಡುತ್ತಾರೆಂದು ಮೊದಲ ಬಾರಿಗೆ ಫೋನ್ ಮಾಡಿ ವಿಚಾರಿಸಬೇಕಾಗುತ್ತದೆ.